ಮಾತು ನಿಂತವರ ಜೊತೆ ಮಾತುಕತೆ ಕಟ್ಟುವುದು ಹೇಗೆ?

ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳುಕಾಂಡದಲ್ಲಿ ಸ್ಟ್ರೋಕ್ ಆದವರು, ಎಎಲ್‌ಎಸ್ ಎಂಬ, ಸ್ನಾಯು ಆಡಿಸುವ ನರಗಳು ಕ್ರಮೇಣ ಸಾಯುವ ಕಾಯಿಲೆ ಬಹಳ ಮುಂದುವರಿದವರು, ಕುತ್ತಿಗೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ವೆಂಟಿಲೇಟರ್ ಮೇಲಿರುವವರು: ಇವರ ಕೈಕಾಲು ಆಡುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ. ಆದರೆ ಹೆಚ್ಚಿನವರಿಗೆ ಸುತ್ತ ನಡೆಯುವುದೆಲ್ಲ ಕೇಳಿಸುತ್ತಿರುತ್ತದೆ, ಅರ್ಥವಾಗುತ್ತಿರುತ್ತದೆ. ಮಂಚದ ಪಕ್ಕದಲ್ಲೇ ನಿಂತು ತಮ್ಮ ಬಗ್ಗೆ ಮಾತಾಡಿಕೊಳ್ಳುವವರ ಮಾತೂ ಕಿವಿಗೆ ಬೀಳುತ್ತಿರುತ್ತದೆ. ಇದರ ಅತಿ ತೀವ್ರ ರೂಪಕ್ಕೆ 1966ರಲ್ಲಿ ಫ್ರೆಡ್ ಪ್ಲಮ್ ಮತ್ತು ಜೆರೋಮ್ ಪೋಸ್ನರ್ ಎಂಬ ನರರೋಗ ತಜ್ಞರು ಲಾಕ್ಡ್-ಇನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಇಂಥವರಲ್ಲಿ ಎಚ್ಚರ ಇದೆ ಎಂಬುದು ಎಷ್ಟೋ ಸಲ ಮೊದಲು ಗೊತ್ತಾಗುವುದು ಹಗಲಿರುಳು ಜೊತೆಗಿರುವ ಮನೆಯವರಿಗೆ. ನಿಮಗೆ ಹಾಗೆ ಅನ್ನಿಸಿದ್ದರೆ ಅದನ್ನು ಭ್ರಮೆ ಎಂದು ತಳ್ಳಿಹಾಕಬೇಡಿ. ಏನು ನೋಡಿದಿರಿ, ಯಾವ ಹೊತ್ತಿನಲ್ಲಿ ನೋಡಿದಿರಿ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಸಾಧ್ಯವಾದರೆ ವಿಡಿಯೋ ಮಾಡಿಕೊಳ್ಳಿ.

ಹೆಚ್ಚಿನ ಕುಟುಂಬಗಳ ಮೊದಲ ಪ್ರಶ್ನೆ ‘ಯಾವ ಮೆಷಿನ್ ತರಬೇಕು?’ ಎಂಬುದು. ಮೆಷಿನ್ ಬೇಕಾಗಬಹುದು, ಆದರೆ ಅದರ ಸರದಿ ಆಮೇಲೆ. ಮೊದಲು ನಂಬಬಹುದಾದ ಒಂದು ಚಲನೆ ಬೇಕು. ಆ ಚಲನೆಯಿಂದ ‘ಹೌದು’, ‘ಅಲ್ಲ’ ಹುಟ್ಟಬೇಕು. ಅಲ್ಲಿಂದ ಅಕ್ಷರ, ಅಕ್ಷರದಿಂದ ಉಪಕರಣ. ಈ ಕ್ರಮವನ್ನು ಹಾರಿ ನೇರವಾಗಿ ದುಬಾರಿ ಉಪಕರಣಕ್ಕೆ ಹೋದರೆ ಅದು ಮೂಲೆ ಸೇರುವ ಸಾಧ್ಯತೆಯೇ ಹೆಚ್ಚು. ಸ್ಪೀಚ್ ಥೆರಪಿಸ್ಟ್ ಮತ್ತು ದಿನನಿತ್ಯದ ಕೆಲಸಗಳಿಗೆ ದಾರಿ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಇಬ್ಬರ ನೆರವೂ ಸಿಕ್ಕರೆ ಒಳ್ಳೆಯದು. ಅವರು ಬರುವವರೆಗೆ ಕಾಯಬೇಕಿಲ್ಲ, ಮೊದಲ ಮೂರು ಹಂತಗಳನ್ನು ಮನೆಯವರೇ ಇವತ್ತೇ ಶುರು ಮಾಡಬಹುದು.

1. ಯಾವ ಚಲನೆ ಉಳಿದಿದೆ?

ಕಾಯಿಲೆ ಯಾವುದು ಎಂಬುದರ ಮೇಲೆ ಎಲ್ಲಿ ಹುಡುಕಬೇಕು ಎಂಬುದು ನಿಂತಿದೆ. ಮಿದುಳುಕಾಂಡದ ಪಾನ್ಸ್ ಎಂಬ ಭಾಗಕ್ಕೆ ತೀವ್ರ ಸ್ಟ್ರೋಕ್ ಆದವರಲ್ಲಿ ಸಾಮಾನ್ಯವಾಗಿ ಕಣ್ಣನ್ನು ಪಕ್ಕಕ್ಕೆ ಹೊರಳಿಸುವ ಶಕ್ತಿ ಹೋಗಿ, ಮೇಲೆ ಕೆಳಗೆ ನೋಡುವುದು ಮತ್ತು ರೆಪ್ಪೆ ಆಡಿಸುವುದು ಮಾತ್ರ ಉಳಿದಿರುತ್ತದೆ. ‘ಎಡಕ್ಕೆ ನೋಡಿ, ಬಲಕ್ಕೆ ನೋಡಿ’ ಎಂದು ಕೇಳಿ, ಉತ್ತರ ಬರದೆ, ಪ್ರಜ್ಞೆಯೇ ಇಲ್ಲ ಎಂದು ತೀರ್ಮಾನಿಸುವ ಅಪಾಯ ಇಲ್ಲಿದೆ. ಹಾಗಾಗಿ ‘ಮೇಲೆ ನೋಡಿ’ ಎಂದು ಕೇಳುವುದನ್ನು ಮರೆಯಲೇಬಾರದು. ಎಎಲ್‌ಎಸ್‌ನಲ್ಲಿ ಕಣ್ಣು ಹೊರಳಿಸುವ ಸ್ನಾಯುಗಳು ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತವೆ. ಬೆನ್ನುಹುರಿಗೆ ಮಾತ್ರ ಪೆಟ್ಟಾದವರಲ್ಲಿ ಮುಖ, ತುಟಿ, ನಾಲಿಗೆ ಪೂರ್ತಿ ಹಿಡಿತದಲ್ಲಿರುತ್ತವೆ. ಗಂಟಲಿಗೆ ಹಾಕಿದ ನಳಿಕೆಯಿಂದ ದನಿ ನಿಂತಿರುತ್ತದೆ ಅಷ್ಟೇ.

ಒಂದೊಂದಾಗಿ ನೋಡುತ್ತಾ ಬನ್ನಿ: ಕಣ್ಣು ಮೇಲೆ, ಕೆಳಗೆ, ಎಡ, ಬಲ, ರೆಪ್ಪೆ ಗಟ್ಟಿಯಾಗಿ ಮುಚ್ಚುವುದು, ಹುಬ್ಬು ಏರಿಸುವುದು, ಕೆನ್ನೆ, ದವಡೆ, ನಾಲಿಗೆ, ಹೆಬ್ಬೆರಳು, ಕಾಲಿನ ಬೆರಳು. ಪ್ರತಿ ಸಲವೂ ಹೇಳಿ, ಹತ್ತು ಹದಿನೈದು ಸೆಕೆಂಡು ಸುಮ್ಮನೆ ಕಾಯಿರಿ. ನಡುವೆ ಮತ್ತೆ ಮತ್ತೆ ‘ಮಾಡಿ, ಮಾಡಿ’ ಎಂದು ಹೇಳಿದರೆ ಅವರ ಪ್ರಯತ್ನ ಪ್ರತಿ ಸಲ ಮೊದಲಿಂದ ಶುರುವಾಗುತ್ತದೆ.

ಇದಕ್ಕೆ ಮುಂಚೆ ಕನ್ನಡಕ ಹಾಕುವವರಾಗಿದ್ದರೆ ಹಾಕಿ, ಕಿವಿಯ ಯಂತ್ರ ಇದ್ದರೆ ಅದನ್ನೂ ಹಾಕಿ. ಮಂಚದ ತಲೆಭಾಗ ಎತ್ತಿಸಿ. ನಿದ್ದೆ ತರಿಸುವ ಔಷಧಿ ಕೊಟ್ಟ ತಕ್ಷಣ ಪರೀಕ್ಷಿಸಬೇಡಿ. ಒಂದು ವಸ್ತು ಎರಡಾಗಿ ಕಾಣುವ ತೊಂದರೆ ಮಿದುಳುಕಾಂಡದ ಸ್ಟ್ರೋಕ್‌ನಲ್ಲಿ ಸಾಮಾನ್ಯ. ವೈದ್ಯರನ್ನು ಕೇಳಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿದರೆ ನೋಡುವುದು ಸಲೀಸಾಗಬಹುದು.

2. ‘ಹೌದು’ ಮತ್ತು ‘ಅಲ್ಲ’

ಸಿಕ್ಕ ಚಲನೆಗಳಲ್ಲಿ ಅವರಿಗೆ ಕಡಿಮೆ ದಣಿವಾಗುವ, ನಿಮಗೆ ಸ್ಪಷ್ಟವಾಗಿ ಕಾಣುವ ಎರಡನ್ನು ಆರಿಸಿ. ಮೇಲೆ ನೋಡಿದರೆ ಹೌದು, ಕೆಳಗೆ ನೋಡಿದರೆ ಅಲ್ಲ ಎಂಬುದು ಬಹಳ ಜನಕ್ಕೆ ಹೊಂದುತ್ತದೆ. ‘ಒಮ್ಮೆ ರೆಪ್ಪೆ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ’ ಎಂಬ ಜನಪ್ರಿಯ ಪದ್ಧತಿ ನನಗೆ ಇಷ್ಟವಿಲ್ಲ. ಮನುಷ್ಯರ ರೆಪ್ಪೆ ತಾನಾಗಿಯೇ ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ಬಡಿಯುತ್ತದೆ. ಯಾವುದು ಉತ್ತರ, ಯಾವುದು ಸಹಜ ಬಡಿತ ಎಂದು ತಿಳಿಯದೆ ಇಬ್ಬರೂ ಕಂಗೆಡುತ್ತಾರೆ. ರೆಪ್ಪೆಯೇ ಗತಿಯಾದರೆ, ಎರಡು ಸೆಕೆಂಡು ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಮಾತ್ರ ಉತ್ತರ ಎಂದು ಒಪ್ಪಂದ ಮಾಡಿಕೊಳ್ಳಿ. ಒಂದೇ ಚಲನೆ ಇದ್ದವರಿಗೆ ಅದು ‘ಹೌದು’ ಆಗಲಿ. ‘ಅಲ್ಲವಾದರೆ ಸುಮ್ಮನಿರಿ’ ಎಂದರೆ ನಿದ್ದೆ, ಆಯಾಸ, ‘ಗೊತ್ತಿಲ್ಲ’ ಎಲ್ಲವೂ ‘ಅಲ್ಲ’ ಆಗಿಬಿಡುತ್ತವೆ. ಅದಕ್ಕಾಗಿ ಪ್ರಶ್ನೆಯನ್ನು ಎರಡಾಗಿ ಒಡೆಯಿರಿ: ‘ನಿಮ್ಮ ಉತ್ತರ ಹೌದಾ?’ ಎಂದು ಕೇಳಿ ಕಾಯಿರಿ, ಆಮೇಲೆ ‘ನಿಮ್ಮ ಉತ್ತರ ಅಲ್ಲವಾ?’ ಎಂದು ಕೇಳಿ ಕಾಯಿರಿ.

ಈಗ ನಂಬಿಕೆಯ ಪರೀಕ್ಷೆ. ಉತ್ತರ ನಿಮಗೆ ಮೊದಲೇ ಗೊತ್ತಿರುವ ಇಪ್ಪತ್ತು ಪ್ರಶ್ನೆ ಬರೆದುಕೊಳ್ಳಿ. ಹತ್ತಕ್ಕೆ ಉತ್ತರ ಹೌದು, ಹತ್ತಕ್ಕೆ ಅಲ್ಲ. ಅವನ್ನು ಕಲಸಿ, ಎರಡು ಮೂರು ಬೇರೆ ಬೇರೆ ಹೊತ್ತಿನಲ್ಲಿ ಕೇಳಿ. ಉತ್ತರಗಳು ಹೆಚ್ಚುಕಡಿಮೆ ಎಲ್ಲವೂ ಸರಿಯಿದ್ದರೆ ಮುಂದುವರಿಯಿರಿ. ಅರ್ಧದಷ್ಟು ಮಾತ್ರ ಸರಿ ಬಂದರೆ ಅದು ಊಹೆಗೆ ಸಮ. ಚಲನೆ ಬದಲಿಸಿ, ಹೊತ್ತು ಬದಲಿಸಿ, ಮತ್ತೆ ನೋಡಿ. ಹೀಗೆ ಪರೀಕ್ಷಿಸುತ್ತಿರುವುದು ಯಾಕೆ ಎಂದು ಅವರಿಗೆ ಮೊದಲೇ ಹೇಳಿಬಿಡಿ. ‘ನಿಮ್ಮ ಹೆಸರು ಇದೇನಾ?’ ಎಂದು ಕೇಳಿಸಿಕೊಳ್ಳುವುದು ದೊಡ್ಡವರಿಗೆ ಅವಮಾನ ಅನ್ನಿಸಬಹುದು.

ಪ್ರಶ್ನೆ ಕೇಳುವ ರೀತಿಯಲ್ಲೇ ಎಷ್ಟೋ ತಪ್ಪುಗಳು ಹುಟ್ಟುತ್ತವೆ. ‘ನೋವಿಲ್ಲ ಅಲ್ವಾ?’ ಎಂದು ಕೇಳಿದಿರಿ, ಅವರು ಮೇಲೆ ನೋಡಿದರು ಎಂದುಕೊಳ್ಳಿ. ‘ಹೌದು, ನೋವಿಲ್ಲ’ ಎಂದರೇ, ‘ಹೌದು, ನೋವಿದೆ’ ಎಂದರೇ? ನಾವು ಮಾತಾಡುವಾಗ ದನಿಯ ಏರಿಳಿತದಿಂದ ಇದು ಬಗೆಹರಿಯುತ್ತದೆ, ಕಣ್ಣಿನ ಸನ್ನೆಯಲ್ಲಿ ಬಗೆಹರಿಯುವುದಿಲ್ಲ. ಆದ್ದರಿಂದ ‘ಇಲ್ಲ’ ಸೇರಿದ ಪ್ರಶ್ನೆಗಳನ್ನು ಮನೆಯಲ್ಲಿ ಎಲ್ಲರೂ ಬಿಟ್ಟೇಬಿಡಿ. ‘ನೋವಿದೆಯಾ?’ ಸಾಕು. ‘ಕೂರಿಸಲಾ, ಮಲಗಿಸಲಾ?’ ಎಂದು ಎರಡನ್ನು ಒಟ್ಟಿಗೆ ಕೇಳುವುದೂ ಬೇಡ.

ಸನ್ನೆ ಗಟ್ಟಿಯಾದ ದಿನವೇ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ತಲೆಯ ಮೇಲೆ ಅಂಟಿಸಿ: ‘ನನಗೆ ಎಲ್ಲ ಕೇಳಿಸುತ್ತದೆ, ಅರ್ಥವಾಗುತ್ತದೆ. ಮೇಲೆ ನೋಡಿದರೆ ಹೌದು. ಕೆಳಗೆ ನೋಡಿದರೆ ಅಲ್ಲ. ಉತ್ತರಕ್ಕೆ ಹದಿನೈದು ಸೆಕೆಂಡು ಕಾಯಿರಿ.’ ರಾತ್ರಿ ಪಾಳಿಗೆ ಬರುವ ಹೊಸ ನರ್ಸ್‌ಗೆ ಇದೊಂದು ಚೀಟಿ ಸಾಕು.

3. ಅಕ್ಷರ ಫಲಕ

ಹೌದು–ಅಲ್ಲದಿಂದ ನಮ್ಮ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಆದರೆ ನಾವು ಕೇಳಲು ಹೊಳೆಯದೇ ಇದ್ದದ್ದನ್ನು ಅವರು ಹೇಳುವುದು ಹೇಗೆ? ಅದಕ್ಕೆ ಅಕ್ಷರಗಳು ಬೇಕು. 1995ರ ಡಿಸೆಂಬರ್‌ನಲ್ಲಿ ಸ್ಟ್ರೋಕ್ ಆದ ಫ್ರೆಂಚ್ ಪತ್ರಿಕಾ ಸಂಪಾದಕ ಜಾನ್-ಡೊಮಿನಿಕ್ ಬೋಬಿ ಎಡಗಣ್ಣಿನ ರೆಪ್ಪೆಯೊಂದರಿಂದಲೇ ಇಡೀ ಪುಸ್ತಕವನ್ನು ಬರೆಸಿದರು. ಎದುರಿಗೆ ಕೂತವರು ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು, ಬೇಕಾದ್ದು ಬಂದಾಗ ಅವರು ರೆಪ್ಪೆ ಮುಚ್ಚುತ್ತಿದ್ದರು. ಆ ಪಟ್ಟಿಯಲ್ಲಿ ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರಗಳು ಮೊದಲಿಗೆ ಇದ್ದವು.

ಕನ್ನಡಕ್ಕೆ ಹೀಗೆ ಮಾಡುವಾಗ ಪೂರ್ತಿ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಹಲಗೆಯ ಮೇಲೆ ತುಂಬಿದರೆ ಕೆಲಸ ಕೆಡುತ್ತದೆ. ಉಚ್ಚಾರಕ್ಕೆ ಹತ್ತಿರವಾದಷ್ಟು ಸಾಕು. ಹ್ರಸ್ವ ದೀರ್ಘ ಒಂದೇ, ಅಲ್ಪಪ್ರಾಣ ಮಹಾಪ್ರಾಣ ಒಂದೇ ಎಂದಿಟ್ಟುಕೊಂಡರೆ ಇಪ್ಪತ್ತಾರು ಅಕ್ಷರದಲ್ಲಿ ಮುಗಿಯುತ್ತದೆ. ನಾನು ಸೂಚಿಸುವ ಹಲಗೆ ಇದು:

ಸಾಲು 1: ಅ ಇ ಉ ಎ ಒ
ಸಾಲು 2: ಕ ಗ ಚ ಜ
ಸಾಲು 3: ಟ ಡ ಣ
ಸಾಲು 4: ತ ದ ನ
ಸಾಲು 5: ಪ ಬ ಮ
ಸಾಲು 6: ಯ ರ ಲ ವ
ಸಾಲು 7: ಶ ಸ ಹ ಳ
ಸಾಲು 8: ಪದ ಮುಗಿಯಿತು / ತಪ್ಪಾಯಿತು, ಅಳಿಸಿ / ವಿಷಯ ಅದಲ್ಲ / ಆಮೇಲೆ ಹೇಳುತ್ತೇನೆ

ಶಾಲೆಯಲ್ಲಿ ಕಲಿತ ಕ್ರಮವನ್ನೇ ಇಲ್ಲಿ ಉಳಿಸಿದ್ದೇನೆ. ಬೇಕಾದ ಅಕ್ಷರ ಯಾವಾಗ ಬರುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿದ್ದರೆ ಕಣ್ಣು ಸಿದ್ಧವಾಗಿರುತ್ತದೆ. ಸ್ವರಗಳು ಮೊದಲ ಸಾಲಿನಲ್ಲಿರುವುದಕ್ಕೂ ಕಾರಣವಿದೆ: ಪ್ರತಿ ವ್ಯಂಜನದ ಬೆನ್ನಿಗೆ ಒಂದು ಸ್ವರ ಬೇಕಾಗುವುದೇ ಹೆಚ್ಚು.

ಬಳಸುವುದು ಹೀಗೆ. ನೀವು ‘ಒಂದು, ಎರಡು, ಮೂರು...’ ಎಂದು ಸಾಲಿನ ಸಂಖ್ಯೆ ಹೇಳುತ್ತಾ, ಪ್ರತಿಯೊಂದರ ನಡುವೆ ಸ್ವಲ್ಪ ನಿಲ್ಲಿ. ಅವರು ‘ಹೌದು’ ಸನ್ನೆ ಮಾಡಿದ ಸಾಲಿನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಓದಿ. ‘ನೀರು’ ಎನ್ನಬೇಕಾದರೆ ನಾಲ್ಕನೇ ಸಾಲಿನ ‘ನ’, ಒಂದನೇ ಸಾಲಿನ ‘ಇ’, ಆರನೇ ಸಾಲಿನ ‘ರ’. ಅಷ್ಟು ಹೊತ್ತಿಗೆ ನಿಮಗೆ ಪದ ಹೊಳೆದಿರುತ್ತದೆ. ‘ನೀರು ಅಂತಲಾ?’ ಎಂದು ಕೇಳಿ, ಅವರು ಒಪ್ಪಿದ ಮೇಲೆ ಬರೆದುಕೊಳ್ಳಿ. ಒಪ್ಪಿಗೆ ಇಲ್ಲದೆ ಪದ ಮುಗಿಸಬೇಡಿ. ವ್ಯಂಜನದ ಜೊತೆ ಬರುವ ‘ಅ’ಕಾರವನ್ನು ಬೇರೆಯಾಗಿ ಆರಿಸುವುದು ಬೇಡ. ‘ಅಮ್ಮ’ ಎನ್ನಲು ‘ಅ, ಮ, ಮ’ ಸಾಕು. ‘ಐ’ ಬೇಕಾದರೆ ‘ಅ, ಇ’. ಸೊನ್ನೆಯ ಜಾಗಕ್ಕೆ ‘ನ’ ಅಥವಾ ‘ಮ’.

ಬಂದ ಅಕ್ಷರಗಳನ್ನು ಕಾಗದದ ಮೇಲೆ ಬರೆಯುತ್ತಲೇ ಹೋಗಿ, ನೆನಪಿನ ಮೇಲೆ ಭಾರ ಹಾಕಬೇಡಿ. ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಹಲಗೆ ಬಾಯಿಪಾಠವಾಗಿ, ಅದನ್ನು ನೋಡದೆಯೇ ಮಾತುಕತೆ ನಡೆಯತೊಡಗಬಹುದು. ಓದುಬರಹ ಬಾರದವರಿಗೆ ಮತ್ತು ಬೇಗ ದಣಿಯುವವರಿಗೆ ಇದೇ ಪದ್ಧತಿಯಲ್ಲಿ ಚಿತ್ರಗಳ, ಮಾತುಗಳ ಹಲಗೆ ಮಾಡಬಹುದು: ನೋವು, ಕಫ ತೆಗೆಯಿರಿ, ಹೊರಳಿಸಿ, ಸೆಖೆ, ಚಳಿ, ಕಣ್ಣು ಉರಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ‘ನನ್ನನ್ನು ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಿ’, ‘ಅವರು ಬರುವುದು ಬೇಡ’, ‘ನಿನ್ನ ಮೇಲೆ ಕೋಪ ಬಂದಿದೆ’, ‘ಮಕ್ಕಳು ಹೇಗಿದ್ದಾರೆ?’, ‘ಟಿವಿ ಆರಿಸಿ’ ಎಂಬ ಮಾತುಗಳಿಗೂ ಜಾಗ ಕೊಡಿ. ಬರೀ ದೇಹದ ಅಗತ್ಯಗಳೇ ಇರುವ ಹಲಗೆಯಲ್ಲಿ ಜಗಳವಾಡಲು, ಛೇಡಿಸಲು, ಬೇಡ ಎನ್ನಲು ಆಗುವುದಿಲ್ಲ.

ಕಣ್ಣು ನಾಲ್ಕೂ ದಿಕ್ಕಿಗೆ ಚೆನ್ನಾಗಿ ಹೊರಳುವವರಿಗೆ ಇನ್ನೂ ವೇಗದ ದಾರಿ ಇ-ಟ್ರಾನ್ ಫಲಕ. ಪಾರದರ್ಶಕ ಅಕ್ರಿಲಿಕ್ ಹಾಳೆಯ ಅಂಚುಗಳಲ್ಲಿ ಅಕ್ಷರಗಳ ಗುಂಪುಗಳಿರುತ್ತವೆ, ಪ್ರತಿ ಗುಂಪಿನೊಳಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ. ನೀವು ಹಾಳೆಯನ್ನು ಇಬ್ಬರ ಮುಖದ ನಡುವೆ ಹಿಡಿಯುತ್ತೀರಿ. ಅವರು ಮೊದಲು ಗುಂಪಿನ ಕಡೆ ನೋಡುತ್ತಾರೆ, ಆಮೇಲೆ ಆ ಅಕ್ಷರದ ಬಣ್ಣಕ್ಕೆ ಗೊತ್ತುಮಾಡಿದ ಮೂಲೆಯ ಕಡೆ. ಎರಡು ನೋಟಕ್ಕೆ ಒಂದು ಅಕ್ಷರ. ಮೇಲೆ ಕೆಳಗೆ ಮಾತ್ರ ನೋಡಬಲ್ಲವರಿಗೆ ಇದು ಹೊಂದುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ರೋಗಿಯ ಕೈಯನ್ನೋ ಬೆರಳನ್ನೋ ಇನ್ನೊಬ್ಬರು ಹಿಡಿದು ಅಕ್ಷರಗಳ ಮೇಲೆ ಓಡಿಸಿ ‘ಇವರು ಹೀಗೆ ಹೇಳುತ್ತಿದ್ದಾರೆ’ ಎನ್ನುವ ‘ಫೆಸಿಲಿಟೇಟೆಡ್ ಕಮ್ಯುನಿಕೇಶನ್’ ಎಂಬ ಪದ್ಧತಿಯಿಂದ ದೂರವಿರಿ. ಅಲ್ಲಿ ಬರುವ ಮಾತು ಕೈ ಹಿಡಿದವರದ್ದು ಎಂದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಾಬೀತಾಗಿದೆ. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘವೂ ಅದನ್ನು ಬಳಸಬಾರದು ಎಂದಿದೆ.

4. ಕರೆಗಂಟೆ, ಆಮೇಲೆ ಸ್ವಿಚ್

ಉಪಕರಣಗಳಲ್ಲಿ ಮೊದಲು ಬರಬೇಕಾದ್ದು ಕರೆಯುವ ಗಂಟೆ. ನೀವು ಪಕ್ಕದ ಕೋಣೆಯಲ್ಲಿದ್ದಾಗ ಅವರ ಗಂಟಲಲ್ಲಿ ಕಫ ಕಟ್ಟಿದರೆ ಅಕ್ಷರ ಫಲಕದಿಂದ ಏನು ಪ್ರಯೋಜನ? ಕೆನ್ನೆಯ ಪಕ್ಕ, ಹೆಬ್ಬೆರಳಿನ ಕೆಳಗೆ, ದಿಂಬಿನ ಬದಿ, ಎಲ್ಲಿ ಒಂದಿಷ್ಟು ಚಲನೆ ಇದೆಯೋ ಅಲ್ಲಿ ಒಂದು ಸ್ವಿಚ್. ಒತ್ತುವ ಗುಂಡಿಯೇ ಆಗಬೇಕಿಲ್ಲ. ಮುಟ್ಟಿದರೆ ಸಾಕಾಗುವ ಸ್ವಿಚ್, ನಳಿಕೆಯಲ್ಲಿ ಉಸಿರು ಎಳೆದು ಊದಿದರೆ ಕೆಲಸ ಮಾಡುವ ಸ್ವಿಚ್, ಸ್ನಾಯುವಿನ ಸಣ್ಣ ವಿದ್ಯುತ್ ಸಂಕೇತ ಹಿಡಿಯುವ ಸ್ವಿಚ್, ಹೀಗೆ ಹಲವು ಬಗೆಗಳಿವೆ.

ಇದೇ ಸ್ವಿಚ್ ಆಮೇಲೆ ಫೋನು, ಟ್ಯಾಬ್, ಕಂಪ್ಯೂಟರ್‌ಗೂ ಕೀಲಿಯಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಸ್ವಿಚ್ ಆಕ್ಸೆಸ್, ಐಫೋನ್ ಐಪ್ಯಾಡ್‌ಗಳಲ್ಲಿ ಸ್ವಿಚ್ ಕಂಟ್ರೋಲ್ ಎಂಬ ಸೌಲಭ್ಯ ಆಕ್ಸೆಸಿಬಿಲಿಟಿ ವಿಭಾಗದಲ್ಲಿದೆ. ಪರದೆಯ ಮೇಲೆ ಗುರುತು ಒಂದೊಂದು ಕೀಲಿಯ ಮೇಲೂ ಹಾಯುತ್ತದೆ, ಬೇಕಾದ ಕಡೆ ಬಂದಾಗ ಸ್ವಿಚ್ ಮುಟ್ಟಿದರೆ ಆಯಿತು. ಆ ಗುರುತಿನ ವೇಗವನ್ನು ಮೊದಲು ಬಹಳ ನಿಧಾನಕ್ಕೆ ಇಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಮುಂದಿನ ಕ್ಯಾಮೆರಾವೇ ಹುಬ್ಬು ಏರಿಸುವುದನ್ನು, ನಗುವುದನ್ನು ಸ್ವಿಚ್‌ನಂತೆ ಗುರುತಿಸುವ ಅನುಕೂಲವೂ ಬಂದಿದೆ.

1963ರಲ್ಲಿ ಎಎಲ್‌ಎಸ್ ಪತ್ತೆಯಾಗಿ 1985ರಲ್ಲಿ ಗಂಟಲ ಶಸ್ತ್ರಚಿಕಿತ್ಸೆಯಿಂದ ದನಿ ಕಳೆದುಕೊಂಡ ಸ್ಟೀಫನ್ ಹಾಕಿಂಗ್ ಮೊದಲು ಕೈಬೆರಳಿನ ಸ್ವಿಚ್ ಬಳಸುತ್ತಿದ್ದರು. ಬೆರಳು ಸೋತ ಮೇಲೆ ಕನ್ನಡಕಕ್ಕೆ ಸಿಕ್ಕಿಸಿದ ಇನ್‌ಫ್ರಾರೆಡ್ ಸೆನ್ಸರ್ ಅವರ ಕೆನ್ನೆಯ ಮಿಡಿತವನ್ನು ಹಿಡಿಯುತ್ತಿತ್ತು. ಇಂಥ ಸ್ವಿಚ್ಚಿನಿಂದಲೇ ಕಂಪ್ಯೂಟರ್ ನಡೆಸಲು ಅವರಿಗಾಗಿ ಇಂಟೆಲ್ ರೂಪಿಸಿದ ಎಸಿಎಟಿ ತಂತ್ರಾಂಶ 2015ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಕಾಯಿಲೆ ಮುಂದುವರಿದಂತೆ ಸ್ವಿಚ್ ಇರುವ ಜಾಗ ಬದಲಾಗಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

5. ಕಣ್ಣೋಟದ ಕಂಪ್ಯೂಟರ್

ಐ ಟ್ರ್ಯಾಕರ್ ಎಂಬ ಪಟ್ಟಿಯಂಥ ಉಪಕರಣ ಪರದೆಯ ಕೆಳಗೆ ಕೂರುತ್ತದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚೆಲ್ಲುತ್ತದೆ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಆ ಬೆಳಕಿನ ಹೊಳಪು ಎಲ್ಲಿದೆ, ಕಣ್ಣಪಾಪೆಯ ನಡುಭಾಗ ಎಲ್ಲಿದೆ ಎಂಬುದನ್ನು ಕ್ಯಾಮೆರಾ ಅಳೆದು, ನೋಟ ಪರದೆಯ ಯಾವ ಬಿಂದುವಿನ ಮೇಲಿದೆ ಎಂದು ಲೆಕ್ಕ ಹಾಕುತ್ತದೆ. ಒಂದು ಕೀಲಿಯ ಮೇಲೆ ನಿಗದಿತ ಹೊತ್ತು ನೋಟ ನಿಂತರೆ ಅದು ಒತ್ತಿದಂತೆ. ವಿಂಡೋಸ್ 10ಕ್ಕೆ 2017ರಲ್ಲೇ ಈ ಸೌಲಭ್ಯ ಸೇರಿತು. ಆಪ್ಟಿಕೀ ಎಂಬ ಉಚಿತ, ಮುಕ್ತ ತಂತ್ರಾಂಶವೂ ವಿಂಡೋಸ್‌ನಲ್ಲಿ ಇದೇ ಕೆಲಸ ಮಾಡುತ್ತದೆ. ಐಒಎಸ್ 18ರಿಂದ ಹೊಸ ಐಫೋನ್, ಐಪ್ಯಾಡ್‌ಗಳು ಮುಂದಿನ ಕ್ಯಾಮೆರಾದಿಂದಲೇ ನೋಟ ಹಿಂಬಾಲಿಸಬಲ್ಲವು, ಆದರೆ ದಿನವಿಡೀ ಇದನ್ನೇ ನಂಬಿರುವವರಿಗೆ ಪ್ರತ್ಯೇಕ ಟ್ರ್ಯಾಕರ್ ಹೆಚ್ಚು ನಿಖರ.

ಕೊಳ್ಳುವ ಮುನ್ನ ಕೆಲವು ವಾರವಾದರೂ ಮನೆಗೆ ತಂದು, ಅವರು ನಿಜವಾಗಿ ಮಲಗುವ ಮಂಚದಲ್ಲೇ ಬಳಸಿ ನೋಡಿ. ಕನ್ನಡ ಕೀಲಿಮಣೆ, ಮುಂದಿನ ಪದವನ್ನು ಊಹಿಸಿ ಕೊಡುವ ಸೌಲಭ್ಯ, ಕನ್ನಡದಲ್ಲಿ ಓದಿ ಹೇಳುವ ದನಿ, ಈ ಮೂರೂ ಆ ಉಪಕರಣದಲ್ಲೇ ಕೆಲಸ ಮಾಡುತ್ತವೆಯೇ ಎಂದು ಮಾರುವವರ ಎದುರಲ್ಲೇ ಟೈಪ್ ಮಾಡಿಸಿ ನೋಡಿ. ಗೂಗಲ್‌ನ ಟೆಕ್ಸ್ಟ್-ಟು-ಸ್ಪೀಚ್‌ನಲ್ಲಿ ಕನ್ನಡ ದನಿ ಇದೆ, ಉಚಿತವಾಗಿ ಸಿಗುವ ಇಸ್ಪೀಕ್‌ನಲ್ಲೂ ಇದೆ. ಆದರೆ ನೀವು ಕೊಳ್ಳುವ ಯಂತ್ರ ಅವನ್ನು ಬಳಸುತ್ತದೆಯೇ ಎಂಬುದು ಮುಖ್ಯ.

ಕೂರಿಸುವುದರಲ್ಲೇ ಅರ್ಧ ಗೆಲುವು. ಪರದೆ ಮುಖದಿಂದ ಸುಮಾರು 60 ಸೆಂಟಿಮೀಟರ್ ದೂರದಲ್ಲಿ, ಮುಖಕ್ಕೆ ಸಮಾನಾಂತರವಾಗಿ ಇರಬೇಕು. ಅವರು ಒರಗಿ ಮಲಗಿದ್ದರೆ ಪರದೆಯೂ ಅಷ್ಟೇ ಬಾಗಬೇಕು. ಕಿಟಕಿಯ ಬಿಸಿಲು ಇನ್‌ಫ್ರಾರೆಡ್ ಬೆಳಕನ್ನು ಕೆಡಿಸುತ್ತದೆ, ಕಿಟಕಿಯ ಕರ್ಟನ್ ಎಳೆಯಿರಿ. ಕನ್ನಡಕದ ಹೊಳಪು ಅಡ್ಡಬಂದರೆ ಕೋನ ಬದಲಿಸಿ. ರೆಪ್ಪೆ ಜೋತುಬಿದ್ದಿದ್ದರೆ, ಕಣ್ಣು ಒಣಗಿದ್ದರೆ ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿ. ಎಲ್ಲ ಸರಿಯಾಗಿ ಕೂತ ದಿನ ಒಂದು ಫೋಟೋ ತೆಗೆದು, ಸ್ಟ್ಯಾಂಡಿನ ಕಾಲು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಮನೆಯಲ್ಲಿ ಒಬ್ಬರಿಗೆ ಮಾತ್ರ ಇದನ್ನು ಕೂರಿಸಲು ಬರುವುದಾದರೆ, ಅವರು ಊರಿಗೆ ಹೋದ ದಿನ ಮಾತು ನಿಲ್ಲುತ್ತದೆ.

ನೋಟ ನಿಲ್ಲಬೇಕಾದ ಅವಧಿಯನ್ನು ಒಂದು ಸೆಕೆಂಡಿಗಿಂತ ತುಸು ಹೆಚ್ಚಿಗೆ ಇಟ್ಟು ಶುರು ಮಾಡಿ, ಅಭ್ಯಾಸವಾದಂತೆ ಇಳಿಸಿ. ಮೊದಲ ದಿನಗಳಲ್ಲಿ ಐದು ಹತ್ತು ನಿಮಿಷ ಸಾಕು. ಕಣ್ಣಿಗೆ ವಿಶ್ರಾಂತಿ ಕೊಡುವ ‘ನಿಲ್ಲಿಸು’ ಕೀಲಿ ಪರದೆಯ ಮೇಲೆ ಇರಲೇಬೇಕು. ಇಲ್ಲದಿದ್ದರೆ ಸುಮ್ಮನೆ ನೋಡುವುದಕ್ಕೂ ಅವರಿಗೆ ಸ್ವಾತಂತ್ರ್ಯವಿಲ್ಲ. ವೇಗದ ಬಗ್ಗೆಯೂ ತಿಳಿದಿರಿ: ನಾವು ಆರಾಮಾಗಿ ಮಾತಾಡುವಾಗ ನಿಮಿಷಕ್ಕೆ 150 ಪದಗಳ ಆಸುಪಾಸು ಹೋಗುತ್ತದೆ, ಕಣ್ಣಿನಿಂದ ಟೈಪ್ ಮಾಡುವವರಲ್ಲಿ ಪಳಗಿದವರಿಗೂ ಹತ್ತಿಪ್ಪತ್ತು ಪದ. ಅವರು ಬರೆಯುತ್ತಿರುವಾಗ ಪರದೆಗೆ ಇಣುಕಿ ವಾಕ್ಯ ಮುಗಿಸಿಬಿಡಬೇಡಿ. ಊಹಿಸಿ ಹೇಳಲೇ ಬೇಡವೇ ಎಂದು ಒಮ್ಮೆ ಕೇಳಿ, ಅವರು ಹೇಳಿದಂತೆ ನಡೆಯಿರಿ. ಮತ್ತು ಕಾಗದದ ಹಲಗೆಯನ್ನು ಎಸೆಯಬೇಡಿ. ಕರೆಂಟ್ ಹೋದಾಗ, ಸ್ನಾನದ ಹೊತ್ತಿನಲ್ಲಿ, ಆಂಬುಲೆನ್ಸ್‌ನಲ್ಲಿ ಜೊತೆಗಿರುವುದು ಅದೇ.

ಎಎಲ್‌ಎಸ್‌ನಂಥ ಮುಂದುವರಿಯುವ ಕಾಯಿಲೆಯಿದ್ದು ಇನ್ನೂ ದನಿ ಇರುವವರು ಮೇಲಿನದೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ: ದನಿಯನ್ನು ಉಳಿಸಿಕೊಳ್ಳುವುದು. ಮನೆಯವರನ್ನು ಕರೆಯುವ ರೀತಿ, ಬೈಗುಳ, ಮುದ್ದಿನ ಮಾತು, ನಗು, ಇವನ್ನೆಲ್ಲ ಫೋನಿನಲ್ಲೇ ಸದ್ದಿಲ್ಲದ ಕೋಣೆಯಲ್ಲಿ ರೆಕಾರ್ಡ್ ಮಾಡಿಡಿ. ಆಮೇಲೆ ಅವನ್ನು ಒಂದೊಂದು ಕೀಲಿಗೆ ಜೋಡಿಸಬಹುದು. ಕನ್ನಡದಲ್ಲಿ ಯಂತ್ರದ ದನಿ ಎಷ್ಟೇ ಸುಧಾರಿಸಿದರೂ ಮಗಳನ್ನು ಅಪ್ಪ ಕರೆಯುವ ದನಿ ಅದಕ್ಕೆ ಬಾರದು. ಇದನ್ನು ನಾಳೆಗೆ ಮುಂದೂಡಬೇಡಿ.

6. ಮಿದುಳಿನಿಂದ ನೇರವಾಗಿ?

ಸುದ್ದಿ ನೋಡಿ ಬಹಳ ಜನ ಇದನ್ನೇ ಕೇಳುತ್ತಾರೆ. 1988ರಲ್ಲಿ ಫಾರ್ವೆಲ್ ಮತ್ತು ಡೊಂಚಿನ್ ಎಂಬ ಸಂಶೋಧಕರು ತಲೆಯ ಮೇಲಿನಿಂದ ಅಳೆಯುವ ಮಿದುಳಿನ ವಿದ್ಯುತ್ ಸಂಕೇತದಿಂದ (ಇಇಜಿ) ಅಕ್ಷರ ಆರಿಸಬಹುದು ಎಂದು ತೋರಿಸಿದರು. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಮಿದುಳಿನೊಳಗೆ ಇಟ್ಟ ಎಲೆಕ್ಟ್ರೋಡ್‌ಗಳಿಂದ ಎಎಲ್‌ಎಸ್ ಇರುವ ಒಬ್ಬರ ಮಾತಿನ ಪ್ರಯತ್ನವನ್ನು ನಿಮಿಷಕ್ಕೆ 62 ಪದಗಳ ವೇಗದಲ್ಲಿ ಪಠ್ಯವಾಗಿಸಿತು. 2024ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ತಂಡ ಇದೇ ಬಗೆಯ ಪ್ರಯೋಗದಲ್ಲಿ ಶೇ 97ರಷ್ಟು ನಿಖರತೆ ಮುಟ್ಟಿತು. ಈ ಕೊನೆಯ ಎರಡೂ ತಲೆಬುರುಡೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಡುವ, ಇಂಗ್ಲಿಷ್‌ನಲ್ಲಿ ನಡೆದ ಸಂಶೋಧನಾ ಪ್ರಯೋಗಗಳು. ಆಸೆ ಇಟ್ಟುಕೊಳ್ಳಲು ಕಾರಣವಿದೆ, ಇವತ್ತಿನ ಮಾತುಕತೆಯನ್ನು ಅದಕ್ಕಾಗಿ ನಿಲ್ಲಿಸಿಡಲು ಕಾರಣವಿಲ್ಲ.

7. ದೊಡ್ಡ ಪ್ರಶ್ನೆಗಳನ್ನು ಕೇಳುವಾಗ

ಆಪರೇಷನ್ ಮಾಡಿಸುವುದೇ, ವೆಂಟಿಲೇಟರ್ ಮುಂದುವರಿಸುವುದೇ, ಆಸ್ತಿ ಯಾರ ಹೆಸರಿಗೆ, ಇಂಥ ಪ್ರಶ್ನೆಗಳು ಬಂದಾಗ ಮನೆಯವರು ಕಾರಿಡಾರ್‌ನಲ್ಲಿ ತೀರ್ಮಾನಿಸಿ ಬರುವುದು ವಾಡಿಕೆಯಾಗಿದೆ. ‘ಈ ಬದುಕು ಅವರಿಗೆ ಸಾಕಾಗಿರಬೇಕು’ ಎಂಬ ಊಹೆಯೂ ಜೊತೆಗಿರುತ್ತದೆ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಉತ್ತರಿಸಿದ 65 ಮಂದಿ ಲಾಕ್ಡ್-ಇನ್ ಸ್ಥಿತಿಯವರಲ್ಲಿ 47 ಮಂದಿ ತಾವು ಸಂತೋಷವಾಗಿದ್ದೇವೆ ಎಂದರು, 18 ಮಂದಿ ಇಲ್ಲ ಎಂದರು. ಎರಡೂ ಉತ್ತರ ನಿಜ, ಎರಡನ್ನೂ ಅವರನ್ನು ಕೇಳಿಯೇ ತಿಳಿಯಬೇಕು.

ಕೇಳುವಾಗ ಒಂದೇ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಕೇಳಿ: ‘ಆಪರೇಷನ್ ಬೇಕಾ?’, ಸ್ವಲ್ಪ ಹೊತ್ತಿನ ನಂತರ ‘ಆಪರೇಷನ್ ಬಿಟ್ಟುಬಿಡೋಣವಾ?’ ಎರಡು ಉತ್ತರಗಳೂ ತಾಳೆಯಾಗಬೇಕು. ಬೇರೆ ದಿನ, ಬೇರೆಯವರು, ಫಲಾಫಲದಲ್ಲಿ ಪಾಲಿಲ್ಲದವರೊಬ್ಬರು ಮತ್ತೊಮ್ಮೆ ಕೇಳಲಿ. ವೈದ್ಯರು ಎದುರಿಗಿರಲಿ, ಅವರು ನಿಮ್ಮ ಕಡೆ ತಿರುಗಿ ಮಾತಾಡುತ್ತಿದ್ದರೆ ‘ದಯವಿಟ್ಟು ಅವರ ಮುಖ ನೋಡಿ ಹೇಳಿ’ ಎಂದು ವಿನಂತಿಸಿ. ನಡೆದದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಅಕ್ಷರ ಫಲಕ ಕೈಯಲ್ಲಿರಲಿ, ಯಾಕೆಂದರೆ ಹೌದು, ಅಲ್ಲ ಎರಡನ್ನೂ ಬಿಟ್ಟು ಅವರು ನಿಮ್ಮನ್ನೇ ಒಂದು ಪ್ರಶ್ನೆ ಕೇಳಬೇಕೆಂದಿರಬಹುದು.